ಯಾರ ಏಟು?

"ಅಂದ್ರೆ, ನೀವೇ ನಿಮ್ಮನ್ನ ಹೊಡ್ಕೊಳ್ತೀರಿ. ಹಾಗಂತ ಅರ್ಥ ಮಾಡ್ಕೊಳ್ಳಲಾ?" ಎಂದರು ಕೌನ್ಸೆಲರ್ ಮೇಡಂ.

ಪುಟ್ಟಿ ತಬ್ಬಿಬ್ಬಾದಳು. ತಾನು ಹೇಳಿದ್ದು ಅದಲ್ಲ. ಕೋಪ ಬಂದಾಗ ಏನು ಮಾಡುತ್ತೀರಿ ಎಂದು ಮೇಡಂ ಕೇಳಿದ್ದರು. ಒಳಗಿಂದ ಹೊಡೆದು ಸರಿ ಮಾಡಿಕೊಳ್ಳುತ್ತೇನೆ ಎಂದು ಇವಳು ಹೇಳಿದ್ದಳು, ಅಷ್ಟೇ. ಟಿಂಕರಿಂಗ್ ಶೆಡ್ಡಿನಲ್ಲಿ ಬೆಳೆದವರಿಗೆ ಅದು ದಿನ ಬೆಳಗಾದರೆ ಆಡುವ ಮಾತು. ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲನ್ನು ಹೊರಗಿನಿಂದ ಎಷ್ಟು ಸವರಿದರೂ ಅದರ ತಗ್ಗು ಏಳುವುದಿಲ್ಲ. ಒಳಹೊದಿಕೆ ಬಿಚ್ಚಿ, ಸುತ್ತಿಗೆಯನ್ನು ಒಳಗಿಟ್ಟು, ಒಳಗಿನಿಂದಲೇ ಹೊಡೆದು ತಗಡನ್ನು ಎಬ್ಬಿಸಬೇಕು. ಗಿರಾಕಿ ಬಾಯಿಗೆ ಬಂದಂತೆ ಬೈದು ಹೋದಾಗ, ಮನೆಯಲ್ಲಿ ಕಿತ್ತಾಟವಾಗಿ ಯಾರಾದರೂ ಮುಖ ಇಳಿಬಿಟ್ಟುಕೊಂಡು ಬಂದಾಗ, ಶೆಡ್ಡಿನವರು ಬೆನ್ನು ತಟ್ಟಿ "ಹೋಗ್ಲಿ ಬಿಡು, ಒಳಗಿಂದ ಹೊಡಿ" ಎನ್ನುತ್ತಾರೆ. ಹೊರಗಿನವರ ಗುದ್ದಿಗೆ ಕುಗ್ಗಬೇಡ, ನಿನ್ನನ್ನು ನೀನೇ ಎಬ್ಬಿಸಿಕೋ ಎಂದು ಅದರ ಅರ್ಥ. ಆ ಅರ್ಥ ಶೆಡ್ಡಿನ ಗೇಟು ದಾಟಿ ಇಷ್ಟು ದೂರ ಬರುವುದಿಲ್ಲ ಎಂದು ಪುಟ್ಟಿಗೆ ಹೊಳೆದೇ ಇರಲಿಲ್ಲ.

ಮೇಡಂ ಅವಳ ಒಡೆದ ತುಟಿ ನೋಡುತ್ತಿದ್ದರು. ದವಡೆಯ ಕೆಳಗೆ ಹಳದಿಗೆ ತಿರುಗಿದ್ದ ಹಳೆಯ ಬಾವನ್ನೂ, ಮುಂಗೈಯ ಮೇಲಿನ ನೀಲಿ ಬರೆಯನ್ನೂ ನೋಡಿದರು. ಕೆಟ್ಟವರಲ್ಲ ಅವರು. ಮೊದಲ ಬಾವು ಕಂಡಾಗಲೇ, ನಿಮ್ಮನ್ನು ಯಾರಾದರೂ ಹೊಡೆಯುತ್ತಾರಾ ಎಂದು ಮೆತ್ತಗೆ ಕೇಳಿದ್ದರು. ಪುಟ್ಟಿ ಇಲ್ಲ ಎಂದಿದ್ದಳು. ಬಿದ್ದಿರಾ? ಇಲ್ಲ. ಹಾಗಾದರೆ? ಪುಟ್ಟಿ ಕಾಲರ್ ಎಳೆದು ದವಡೆ ಮುಚ್ಚಿಕೊಂಡಿದ್ದಳು. ಈಗ ಅವರಿಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಂತೆ ಕಂಡಿತು.

ಕೋಣೆ ಚಿಕ್ಕದು. ಎದುರುಬದುರು ಕುರ್ಚಿಗಳು, ನಡುವೆ ಕುಳ್ಳ ಮೇಜು, ಅದರ ಮೇಲೆ ಕಣ್ಣೊರೆಸಿಕೊಳ್ಳುವ ಕಾಗದದ ಡಬ್ಬ. ಆ ಡಬ್ಬದಿಂದ ಪುಟ್ಟಿ ಇಷ್ಟು ದಿನದಲ್ಲಿ ಒಂದು ಹಾಳೆಯನ್ನೂ ಎಳೆದಿರಲಿಲ್ಲ. ಮೇಡಂಗೆ ಅದೊಂದು ಚಿಂತೆ. ಇನ್ನೊಂದು ಚಿಂತೆ ಅವಳ ದನಿ. ಹಗಲೆಲ್ಲ ತಗಡಿನ ಸದ್ದಿನಲ್ಲಿ ಇರುವವರಿಗೆ ಕಿವಿ ಅರ್ಧ, ಗಂಟಲು ಎರಡರಷ್ಟು. ಮೊದಲ ದಿನ "ನಮಸ್ಕಾರ ಮೇಡಂ" ಎಂದಾಗ ಪಕ್ಕದ ಕೋಣೆಯ ಹಲ್ಲಿನ ಡಾಕ್ಟರು ಬಾಗಿಲು ತೆರೆದು ಇಣುಕಿ ನೋಡಿದ್ದರು. ನಿಮ್ಮೊಳಗೆ ತುಂಬಾ ಕೋಪ ಇದೆಯಾ ಎಂದು ಮೇಡಂ ಕೇಳಿದ್ದು ಅದೇ ದಿನ.

ಮೇಡಂ ಮೆಚ್ಚಿಕೊಂಡದ್ದು ಒಂದೇ ಸಂಗತಿ. ಮನೆಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂದಾಗ, ಪುಟ್ಟಿ ಎಂದು ಅವಳು ಹೇಳಿದ್ದಕ್ಕೆ ಮೇಡಂ ಮುಖ ಅರಳಿತ್ತು. ಹಾಗಾದರೆ ಮನೆಯವರಿಗೆ ನೀವು ಹುಡುಗಿ ಎಂಬುದು ಒಪ್ಪಿಗೆಯೇ ಎಂದು ಸಂತೋಷಪಟ್ಟಿದ್ದರು. ನಿಜ ಏನೆಂದರೆ, ಅವಳು ಸಣ್ಣವಳಿದ್ದಾಗ ಶೆಡ್ಡಿನಲ್ಲಿ ಮೊದಲು ಕಲಿತದ್ದು ತಗ್ಗು ತುಂಬುವ ಪುಟ್ಟಿ ಹಚ್ಚುವ ಕೆಲಸ. ಮುಖ ಮೂತಿಗೆಲ್ಲ ಅದೇ ಮೆತ್ತಿಕೊಂಡು ತಿರುಗುತ್ತಿದ್ದವಳಿಗೆ, ಆಗ ಎಲ್ಲರ ಲೆಕ್ಕದಲ್ಲಿ ಅವನಿಗೆ, ಡಬ್ಬದ ಹೆಸರೇ ಅಂಟಿಕೊಂಡಿತು. ಗಂಡುಹುಡುಗನನ್ನು ಪುಟ್ಟಿ ಎನ್ನುವುದು ಶೆಡ್ಡಿನವರಿಗೆ ನಗೆಚಾಟಿಕೆ. ಒಳಗೊಳಗೇ ಅವಳಿಗೆ ಮಾತ್ರ ಅದು ಬಯಸದೇ ಬಂದ ಭಾಗ್ಯ. ಮೇಡಂ ತಪ್ಪು ತಿಳಿದದ್ದನ್ನು ಅವಳು ತಿದ್ದಲು ಹೋಗಲಿಲ್ಲ.

ಈಗ ಮೇಡಂ ನಿಧಾನವಾಗಿ, ಮಗುವಿಗೆ ಹೇಳಿದಂತೆ, ನಿಯಮ ವಿವರಿಸಿದರು. ಹಾರ್ಮೋನ್ ಡಾಕ್ಟರು ಇವರ ಪತ್ರ ಇಲ್ಲದೆ ಮೈ ಹೆಣ್ಣಾಗಿಸುವ ಔಷಧಿ ಕೊಡುವುದಿಲ್ಲ. ಆ ಪತ್ರಕ್ಕಾಗಿಯೇ ಪುಟ್ಟಿ ಇಷ್ಟು ಕಾಲ ಕೆಲಸ ಬಿಟ್ಟು, ಕೈಯ ಗ್ರೀಸು ತಿಕ್ಕಿ ತೊಳೆದು, ಈ ಕುರ್ಚಿಯಲ್ಲಿ ಬಂದು ಕೂತದ್ದು. ಯಾವಾಗ ಗೊತ್ತಾಯಿತು, ಹೇಗೆ ಗೊತ್ತಾಯಿತು, ಮುಂದೆ ಪಶ್ಚಾತ್ತಾಪವಾದರೆ ಎಂಬ ಅವವೇ ಪ್ರಶ್ನೆಗಳಿಗೆ ಅವವೇ ಉತ್ತರ ಕೊಟ್ಟದ್ದು. ಇವತ್ತಿನದು ಕೊನೆಯ ಭೇಟಿ ಆಗಬೇಕಿತ್ತು. ಆದರೆ ತಮಗೆ ತಾವೇ ಗಾಯ ಮಾಡಿಕೊಳ್ಳುವವರಿಗೆ ಪತ್ರ ಕೊಡುವ ಹಾಗಿಲ್ಲ. ಮತ್ತೆ ಮೊದಲಿಂದ ಶುರು ಮಾಡಬೇಕು. ಅದಕ್ಕೂ ಮುಂಚೆ, ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಕಣ್ಣಾರೆ ಕಂಡ ರಕ್ತಸಂಬಂಧಿ ಒಬ್ಬರನ್ನು ಕರೆತರಬೇಕು.

ಪುಟ್ಟಿಗೆ ಇದ್ದ ರಕ್ತಸಂಬಂಧಿ ಒಬ್ಬನೇ. ತುಟಿ ಒಡೆದವನು.

ಹೊಡೆಯುವುದು ಅಣ್ಣ ಎಂದು ಅವಳು ಯಾಕೆ ಹೇಳಲಿಲ್ಲ ಎಂದರೆ, ಅದು ಹೀಗೆ. ಅಪ್ಪ ಬದುಕಿದ್ದಾಗ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಏಟು ಹೆಚ್ಚಾಗಿ ತಗಡು ಉಬ್ಬಿದರೆ, ಇಲ್ಲವೇ ಹರಿದರೆ, ಅಪ್ಪ ಸುತ್ತಿಗೆಯಿಂದ ಬೆಂಚನ್ನು ಒಮ್ಮೆ ಕುಟ್ಟಿ "ಯಾರ ಏಟು?" ಎನ್ನುತ್ತಿದ್ದ. ಹೊಡೆದವರು ಬಲಗೈ ಎತ್ತಬೇಕು. ಎತ್ತಿದವರಿಗೆ ಬೆಲ್ಟು. ಯಾರೂ ಎತ್ತದಿದ್ದರೆ ಎಲ್ಲರಿಗೂ ಬೆಲ್ಟು, ಅದೂ ಬಕಲ್ಲಿನ ಕಡೆಯಿಂದ. ಆಗ ಪುಟ್ಟಿಯ ಕೈ ಸುತ್ತಿಗೆಗೆ ಇನ್ನೂ ಪಳಗಿರಲಿಲ್ಲ, ಕೆಟ್ಟ ಏಟುಗಳೆಲ್ಲ ಅವಳವೇ. ಆದರೆ ಬೆಂಚಿನ ಸದ್ದು ಕೇಳಿದ್ದೇ ತಡ, ಅವಳ ಕೈ ಏಳುವ ಮೊದಲೇ ಅಣ್ಣನ ಬಲಗೈ ಗಾಳಿಯಲ್ಲಿ ಇರುತ್ತಿತ್ತು. ಅವನ ಬೆನ್ನಿನ ಮೇಲೆ ಬೆಲ್ಟು ಬೀಳುವ ಸದ್ದನ್ನು ಪುಟ್ಟಿಯ ಹಾಳು ಕಿವಿ ಇನ್ನೂ ಮರೆತಿಲ್ಲ. ಅಂಥವನನ್ನು ಯಾವ ಬಾಯಿಂದ ದೂರುವುದು? ಹೇಳಿದರೆ ಮೇಡಂ ಪೊಲೀಸರಿಗೆ ತಿಳಿಸದೆ ಬಿಡುವುದಿಲ್ಲ. ಶೆಡ್ಡಿಗೆ ಬೀಗ ಬೀಳುತ್ತದೆ. ಅತ್ತಿಗೆ ಬೀದಿಗೆ ಬೀಳುತ್ತಾಳೆ.

ಅದೇ ಅಣ್ಣನೇ ಈಗ ಅಪ್ಪನ ಬೆಲ್ಟನ್ನು ಹುಡುಕಿ ತೆಗೆದಿದ್ದ. ನಾನು ಹುಡುಗ ಅಲ್ಲ ಅಣ್ಣ, ಯಾವತ್ತೂ ಆಗಿರಲಿಲ್ಲ ಎಂದು ಅವಳು ಹೇಳಿದ ದಿನ ಅವನು ಮೊದಲು ನಕ್ಕ. ಆಮೇಲೆ ಹೊಡೆದ. ಮಾರನೆಯ ದಿನ ನಗಲಿಲ್ಲ, ಬರೀ ಹೊಡೆದ. ಅವನ ಪ್ರತಿ ಮಾತಿನ ಬಾಲದಲ್ಲಿ ಒಂದು 'ಓ' ಇರುತ್ತಿತ್ತು: ಬಾರೋ, ತಿನ್ನೋ, ಹಿಡಿಯೋ, ಸಾಯೋ. ಹುಟ್ಟಿದಾಗಿನಿಂದ ಇದ್ದ 'ಓ' ಅದು. ಆದರೆ ಈಗ ಅದಕ್ಕೆ ತೂಕ ಬಂದಿತ್ತು, ಮೊಳೆಯ ತಲೆ ಮುಳುಗಿಸುವ ಕೊನೆಯ ಏಟಿನ ಹಾಗೆ.

ಮೇಡಂ ಹತ್ತಿರದಿಂದ ಪುಟ್ಟಿ ಸೀದಾ ಶೆಡ್ಡಿಗೆ ಬಂದಳು. ಅಣ್ಣ ನೀಲಿ ಕಾರಿನ ಬಾಗಿಲಿಗೆ ಕೊನೆಯ ಕೈ ಹಾಕಿ ಮುಗಿಸಿದ್ದ, ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು. ಬಾಗಿಲು ಕನ್ನಡಿಯಂತೆ ಸಪಾಟಾಗಿತ್ತು. ಪೇಂಟರ್ ಮಾವ ಅದಕ್ಕೆ ಪ್ರೈಮರ್ ಹೊಡೆದು, ತನ್ನದೇ ಮಗಳನ್ನು ಅಲಂಕರಿಸಿದವನಂತೆ ದೂರ ನಿಂತು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಪೇಂಟರ್ ಮಾವ ಎಂದರೆ ಅಪ್ಪನ ಕಾಲದಿಂದಲೂ ಇರುವ ಮುದುಕ. ಅವನ ರೆಪ್ಪೆಗಳ ಮೇಲೆ ಎಲ್ಲ ಕಾರುಗಳ ಬಣ್ಣವೂ ಒಂದೊಂದು ಚುಕ್ಕಿ ಕೂತಿದೆ ಎಂದು ಶೆಡ್ಡಿನಲ್ಲಿ ಹೇಳುತ್ತಾರೆ.

ಪುಟ್ಟಿ ಸುತ್ತಿ ಬಳಸಿ ಮಾತಾಡುವವಳಲ್ಲ. ಮೇಡಂ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಬರಬೇಕು ಎಂದಳು.

ಅಣ್ಣ ಸುತ್ತಿಗೆ ಕೆಳಗಿಟ್ಟ. ಅವನು ಸುತ್ತಿಗೆಯನ್ನು ಹೀಗೆ ಮೆಲ್ಲಗೆ ಇಟ್ಟರೆ ಶೆಡ್ಡಿನಲ್ಲಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಯಾವಳೋ ಅವ್ಳು? ನೀನು ಹೆಣ್ಣು ಅಂತ ಬರ್ಕೊಡೋಕೆ ನಾನು ಸಾಕ್ಷಿ ಹೇಳ್ಬೇಕಾ?"

"ಹೆಣ್ಣು ಅಂತ ಅಲ್ಲ. ನಾನು ಹುಚ್ಚು ಅಲ್ಲ ಅಂತ."

ಮೊದಲ ಹೊಡೆತ ಕೆನ್ನೆಗೆ ಬಿತ್ತು. ಅದು ಅವಳಿಗೆ ಹೊಸದಲ್ಲ. ಎರಡನೆಯದು ಹೊಟ್ಟೆಗೆ. ಅವಳು ಮಡಚಿಕೊಂಡಾಗ ಅವನು ಕತ್ತಿನ ಹಿಂದಿನ ಅಂಗಿ ಹಿಡಿದು ಎತ್ತಿದ. ಅಂಗಿ ಹರಿಯಿತು. ಕೂದಲಿಗೆ ಕೈ ಹಾಕಿದ. ಈಗೀಗ ಅವಳು ಕತ್ತರಿಸದೆ ಬಿಟ್ಟಿದ್ದ, ಕಿವಿ ದಾಟಿ ಇಳಿಯುತ್ತಿದ್ದ ಕೂದಲು. ಅದನ್ನು ಹಗ್ಗದಂತೆ ಮುಷ್ಟಿಗೆ ಸುತ್ತಿಕೊಂಡು ಅವಳನ್ನು ಆ ಕಾರಿನ ಬಾಗಿಲಿಗೆ ಅಪ್ಪಳಿಸಿದ. ತಗಡು ದೊಡ್ಡ ಡೋಲಿನಂತೆ ಸದ್ದು ಮಾಡಿ ಒಳಗೆ ಕುಸಿಯಿತು. ಅವಳ ಹುಬ್ಬು ಸೀಳಿ ಒಂದು ಕಣ್ಣು ಕೆಂಪಾಗಿ ಮುಚ್ಚಿಕೊಂಡಿತು. ಮತ್ತೆ ಅಪ್ಪಳಿಸಿದ. "ಹೇಳೋ," ಎನ್ನುತ್ತಿದ್ದ, "ಗಂಡಸು ಅಂತ ಹೇಳೋ."

ಅವಳ ಎಡಗೈಗೆ ಬೆಂಚಿನ ಅಂಚು ಸಿಕ್ಕಿತು. ಅದರ ಮೇಲೆ ಡಾಲಿ ಇತ್ತು. ತಗಡಿನ ಹೊರಬದಿಗೆ ಒತ್ತಿ ಹಿಡಿಯುವ, ಅಂಗೈಯಗಲದ ಕಬ್ಬಿಣದ ಗಟ್ಟಿ. ಬಲಗೈಗೆ ಅಣ್ಣ ಇಟ್ಟಿದ್ದ ಸುತ್ತಿಗೆಯೂ ಸಿಕ್ಕಿತು. ಒಂದು ಕ್ಷಣ ಅವಳು ಎರಡನ್ನೂ ಎತ್ತಿ ಹಿಡಿದಿದ್ದಳು. ಮುಚ್ಚದೆ ಉಳಿದ ಒಂದೇ ಕಣ್ಣಿಗೆ ಅಣ್ಣನ ಹಣೆ ಬಹಳ ಹತ್ತಿರ ಕಂಡಿತು, ಅಪ್ಪನದೇ ಅಗಲ ಹಣೆ. ಸುತ್ತಿಗೆಯ ತೂಕ, ಅದು ಬೀಳುವ ಜಾಗ, ಬಿದ್ದ ಮೇಲಿನ ಸದ್ದು, ಎಲ್ಲವೂ ಅವಳ ಮಣಿಕಟ್ಟಿಗೆ ಗೊತ್ತಿತ್ತು. ಅವಳು ಸುತ್ತಿಗೆಯನ್ನು ಬಿಟ್ಟು, ಡಾಲಿಯಿಂದ ಕೂದಲು ಹಿಡಿದ ಕೈಗೆ ಹೊಡೆದಳು. ಬಲವಾಗಿಯೇ ಹೊಡೆದಳು. ಒಣ ಕಟ್ಟಿಗೆ ಮುರಿದಂತೆ ಲಟಕ್ಕೆಂದಿತು. ಅಣ್ಣ ಕೂಗಲಿಲ್ಲ. ತನ್ನ ಮುಂಗೈ ಬಾಗಬಾರದ ಕಡೆ ಬಾಗಿದ್ದನ್ನು, ಯಾರದೋ ಕೈ ಎಂಬಂತೆ ನೋಡಿದ. ಆಮೇಲೆ ಎಡಗೈಯಲ್ಲಿ ಅವಳ ಗಂಟಲು ಹಿಡಿದ.

ಅಷ್ಟರಲ್ಲಿ ಪೇಂಟರ್ ಮಾವ ಬಂದೂಕು ತಂದ. ಬಣ್ಣದ ಬಂದೂಕು. ಗಾಳಿಯ ಮೆಷಿನ್ನು ಚಾಲೂ ಇತ್ತು. ಇಬ್ಬರ ಮುಖಕ್ಕೂ ಹತ್ತಿರದಿಂದ ಬೂದು ಪ್ರೈಮರ್ ಹೊಡೆದುಬಿಟ್ಟ. ಇಬ್ಬರೂ ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಬೇರೆಬೇರೆ ಕಡೆ ಬಿದ್ದರು. ಬೂದು ಮೆತ್ತಿಕೊಂಡ ಆ ಅಗಲ ಹಣೆಗಳಲ್ಲಿ ಯಾವುದು ಯಾರದೆಂದು ಹೇಳುವಂತಿರಲಿಲ್ಲ.

"ಸಾಯೋದಾದ್ರೆ ಹೊರಗೆ ಹೋಗಿ ಸಾಯ್ರಿ," ಎಂದ ಮಾವ. "ನನ್ನ ಬಾಗಿಲು ನೋಡ್ರೋ. ಹಾಳು ಮಾಡಿ ಇಟ್ರಿ."

ಅಣ್ಣನ ಕೈಗೆ ಹಲಗೆ ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅತ್ತಿಗೆ. ಶೆಡ್ಡಿನ ಮೇಲಿನ ಮನೆಯಿಂದ ಅವಳು ಇಳಿದು ಬರುವಾಗ ಕೈಯಲ್ಲಿ ಆಗಲೇ ಹರಿದ ಬಟ್ಟೆಯ ಪಟ್ಟಿಗಳಿದ್ದವು. ಈ ಮನೆಯಲ್ಲಿ ಬ್ಯಾಂಡೇಜು ಹುಡುಕುವ ಪ್ರಸಂಗವೇ ಇಲ್ಲ, ಕೈಗೆ ಸಿಗುವ ಹಾಗೆಯೇ ಇಟ್ಟಿರುತ್ತಾಳೆ. ಪುಟ್ಟಿಯ ಹುಬ್ಬಿಗೆ ಒಂದು ಪಟ್ಟಿ ಒತ್ತಿ, ಗಂಡನ ಕೈಗೆ ಇನ್ನೊಂದನ್ನು ಬಿಗಿಯುತ್ತ, ಡಾಕ್ಟರು ಕೇಳಿದರೆ ಏನು ಹೇಳುತ್ತೀರಿ ಎಂದಳು. ಬಾನೆಟ್ ಬಿತ್ತು ಅಂತೀನಿ ಎಂದ ಅಣ್ಣ.

"ಹೂಂ ರೀ, ಹಾಗೇ ಹೇಳಿ. ಪುಟ್ಟಿ ಮೈಮೇಲೂ ಇಷ್ಟು ದಿನ ಬಾನೆಟ್ಟೇ ಬೀಳ್ತಿತ್ತು ಅಂತಾನೂ ಸೇರಿಸಿಬಿಡಿ," ಎಂದಳು ಅತ್ತಿಗೆ. ಗಂಟು ಎಷ್ಟು ಬಿಗಿಯಾಗಿ ಎಳೆದಳೆಂದರೆ, ಮೂಳೆ ಮುರಿದಾಗ ಕೂಗದವನು ಈಗ ಕೂಗಿದ.

ಅವನು ಕೈಗೆ ಪ್ಲಾಸ್ಟರ್, ಪುಟ್ಟಿ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಅಣ್ಣ ತಾನಾಗಿಯೇ ಬಾಯಿ ಬಿಟ್ಟ. ಆ ಮೇಡಂ ಹತ್ತಿರ ಬರುತ್ತೇನೆ, ಖಂಡಿತ ಬರುತ್ತೇನೆ, ಬಂದು ನಿನಗೆ ತಲೆ ಕೆಟ್ಟಿದೆ ಎಂದು ಹೇಳುತ್ತೇನೆ, ಆ ಪತ್ರ ಈ ಜನ್ಮದಲ್ಲಿ ನಿನ್ನ ಕೈಗೆ ಸಿಗದ ಹಾಗೆ ಮಾಡುತ್ತೇನೆ ಎಂದ. ಅವನು ಹೇಳಿದಂತೆ ಮಾಡುವವನು ಎಂದು ಪುಟ್ಟಿಗೆ ಗೊತ್ತಿತ್ತು. ಆದರೆ ಅವನನ್ನು ಬಿಟ್ಟರೆ ಕರೆದೊಯ್ಯಲು ಇನ್ನೊಬ್ಬರಿರಲಿಲ್ಲ. ಕರೆದೊಯ್ಯದಿದ್ದರೆ ಪತ್ರ ಹೇಗೂ ಇಲ್ಲ. ಇವನ ಬಾಯಿಂದ ಏನು ಬರುತ್ತದೋ ಬರಲಿ ಎಂದು ಮಾರನೆಯ ಬೆಳಿಗ್ಗೆ ಹೊರಟಳು.

ಆ ಚಿಕ್ಕ ಕೋಣೆಯಲ್ಲಿ ಅಣ್ಣನಿಗೆ ಮೊಣಕಾಲು ಇಡಲು ಜಾಗ ಸಾಲಲಿಲ್ಲ. ಮೇಡಂ ಮೊದಲು ನೋಡಿದ್ದು ಕತ್ತಿಗೆ ಜೋತುಬಿದ್ದ ಪ್ಲಾಸ್ಟರನ್ನು. ಏನಾಯಿತು ಎಂದರು. ಬಾನೆಟ್ ಬಿತ್ತು ಎಂದ. ತಮ್ಮನ ಕೈಯಲ್ಲಿ ಮುರಿಸಿಕೊಂಡೆ ಎನ್ನಲು ಅವನಿಗೆ ನಾಚಿಕೆ, ತಂಗಿಯ ಕೈಯಲ್ಲಿ ಎನ್ನುವುದಂತೂ ಪ್ರಾಣ ಹೋದರೂ ಆಗದು. ಮೇಡಂ ಪುಟ್ಟಿಯ ಹೊಲಿಗೆ ಹಾಕಿದ ಹುಬ್ಬನ್ನು ನೋಡಿದರು. ಅವರ ಮುಖ ಇನ್ನಷ್ಟು ಬಾಡಿತು.

ಮನೆಯಲ್ಲಿ ಇವರನ್ನು ಪ್ರೀತಿಯಿಂದ ಪುಟ್ಟಿ ಎಂದು ಕರೆಯುತ್ತೀರಂತೆ, ಬಹಳ ಒಳ್ಳೆಯದು ಎಂದು ಅವರು ಮಾತು ತೆಗೆದರು. ಅಣ್ಣ ಬಾಯಿ ತೆರೆದ. ಡಬ್ಬದ ಪುಟ್ಟಿ ಎಂದು ಹೇಳಲು ಹೊರಟವನು, ಅದೇನೆಂದು ವಿವರಿಸುವುದು ಇನ್ನೂ ದೊಡ್ಡ ತಲೆನೋವು ಎನಿಸಿ ಸುಮ್ಮನೆ ಗುರುಗುಟ್ಟಿದ. ಮೇಡಂ ಅದನ್ನು ಹೌದು ಎಂದುಕೊಂಡರು.

"ಈಗ ನಾನು ಕೇಳೋದಕ್ಕೆ ನೇರವಾಗಿ ಹೇಳಿ. ಪುಟ್ಟಿ ತಮಗೆ ತಾವೇ ಹೊಡ್ಕೊಳ್ಳೋದನ್ನ ನೀವು ನೋಡಿದೀರಾ?"

"ನೋಡಿದೀನಿ," ಎಂದ ಅಣ್ಣ. ಯೋಚಿಸಲೂ ಇಲ್ಲ. "ದಿನಾ ನೋಡ್ತೀನಿ. ಗೋಡೆಗೆ ತಲೆ ಚಚ್ಕೋತಾನೆ. ಬೆಲ್ಟಲ್ಲಿ ಹೊಡ್ಕೋತಾನೆ. ಈ ಹುಬ್ಬು ಒಡ್ಕೊಂಡಿದ್ದೂ ತಾನೇ. ತಲೆ ಸರಿ ಇಲ್ಲ ಮೇಡಂ ಇವನಿಗೆ. ಯಾವ ಔಷಧಿನೂ ಬೇಡ."

ಮೇಡಂ ಬರೆದುಕೊಳ್ಳತೊಡಗಿದರು. ಪೆನ್ನಿನ ಸದ್ದು ಪುಟ್ಟಿಯ ಮಂದ ಕಿವಿಗೂ ಕೇಳುತ್ತಿತ್ತು, ತಗಡಿನ ಮೇಲೆ ಮೊಳೆಯಿಂದ ಗೀಚಿದ ಹಾಗೆ. ಆ ಗೀಚು ಒಂದೊಂದು ಸಾಲು ಮುಂದೆ ಹೋದಂತೆ ಔಷಧಿ ಒಂದೊಂದು ವರ್ಷ ದೂರ ಹೋಗುತ್ತಿತ್ತು. ಅವಳಿಗೆ ಎದ್ದು ಅಣ್ಣನ ಇನ್ನೊಂದು ಕೈಯನ್ನೂ ಮುರಿಯಬೇಕು ಎನಿಸಿತು. ಮುರಿದರೆ ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದೂ ಗೊತ್ತಿತ್ತು. ಅವಳ ಮೈಯೆಲ್ಲ ಮುಷ್ಟಿಯಾಯಿತು. ಹಲ್ಲು ಕಚ್ಚಿ ಹಿಡಿದರೂ ಹಿಡಿಯಲಾಗದೆ ಆ ಮುಷ್ಟಿ ಕೊನೆಗೆ ಕುಳ್ಳ ಮೇಜಿನ ಮೇಲೆ ಬಿತ್ತು. ಕಾಗದದ ಡಬ್ಬ ಹಾರಿ ಕೆಳಗುರುಳಿತು. ಮೇಡಂ ಕುರ್ಚಿಸಮೇತ ಹಿಂದೆ ಸರಿದರು.

"ಯಾರ ಏಟು?" ಎಂದಳು ಪುಟ್ಟಿ.

ಅವಳ ದನಿ ಮೊದಲೇ ದೊಡ್ಡದು. ಆ ಹೊತ್ತಿಗೆ ಅದು ಅವಳದಾಗಿ ಉಳಿದಿರಲಿಲ್ಲ, ಸತ್ತ ಅಪ್ಪನೇ ಬೆಂಚು ಕುಟ್ಟಿ ಕೇಳಿದಂತಿತ್ತು. ಮುಂದೆ ನಡೆದದ್ದನ್ನು ಅಣ್ಣ ಮಾಡಿದ ಎನ್ನುವಂತಿಲ್ಲ, ಅದು ಆಗಿಹೋಯಿತು ಎನ್ನಬೇಕು. ಅವನು ಮೇಜನ್ನೂ ನೋಡಲಿಲ್ಲ, ತಂಗಿಯನ್ನೂ ನೋಡಲಿಲ್ಲ. ಪ್ಲಾಸ್ಟರಿನ ಬಲಗೈ ತನ್ನಷ್ಟಕ್ಕೆ ತಾನೇ ಎದ್ದಿತು. ಜೋಳಿಗೆಯ ಬಟ್ಟೆ ಅವನ ಕತ್ತನ್ನು ಎಳೆಯಿತು, ಮುರಿದ ಮೂಳೆ ಒಳಗೆ ಕಲಕಿತು, ಕಣ್ಣಲ್ಲಿ ನೀರು ಚಿಮ್ಮಿತು, ಆದರೂ ಕೈ ಇಳಿಯಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಅಪ್ಪನ ಬೆಲ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ ಹುಡುಗನ ಮುಖವೇ ಅವನ ಮುಖಕ್ಕೆ ಬಂದುಬಿಟ್ಟಿತು. ಪೆಟ್ಟು ಯಾವ ಕಡೆಯಿಂದ ಬರುತ್ತದೋ ಎಂದು ಭುಜ ಕುಗ್ಗಿಸಿಕೊಂಡಿದ್ದ.

ಮೇಡಂ ಅವನನ್ನೂ ಅವಳನ್ನೂ ನೋಡಿದರು. "ಇದೇನು? ಕೈ ಯಾಕೆ ಎತ್ತಿದ್ರಿ?"

"ನನ್ನದು," ಎಂದ.

"ಏನು ನಿಮ್ಮದು?"

"ಏಟು." ಕೈ ಇಳಿಸದೆಯೇ ಪುಟ್ಟಿಯ ಮುಖದ ಕಡೆ ಗಲ್ಲ ಚಾಚಿದ, "ಎಲ್ಲಾ ನಂದೇ. ತುಟಿ, ಹುಬ್ಬು. ಬೆಲ್ಟು ಅಪ್ಪಂದು, ಏಟು ನಂದು."

ಆಗ ಪುಟ್ಟಿಯೂ ಬಲಗೈ ಎತ್ತಿದಳು. ಎತ್ತಬೇಕಾದ್ದಿರಲಿಲ್ಲ. ಬಾನೆಟ್ಟು ಬಾನೆಟ್ಟಾಗಿಯೇ ಉಳಿಯಬಹುದಿತ್ತು. ಪತ್ರ ಕೈಗೆ ಬರುವ ಹೊತ್ತಿನಲ್ಲಿ ಇದನ್ನು ಬಾಯಿ ಬಿಡುವುದು ಮೂರ್ಖತನವೇ. ಆದರೆ ಕಟ್ಟಳೆ ಎಂದ ಮೇಲೆ ಅದು ಇಬ್ಬರಿಗೂ ಒಂದೇ. "ಅವನ ಕೈ ಮುರಿದಿದ್ದು ನನ್ನ ಏಟು ಮೇಡಂ. ನನ್ನ ತಲೆ ಬಾಗಿಲಿಗೆ ಚಚ್ತಿದ್ದ. ಬಿಡಿಸ್ಕೊಳ್ಳೋಕೆ ಹೊಡೆದೆ. ಸುತ್ತಿಗೇನೂ ಇತ್ತು ಕೈಲಿ. ಅದರಲ್ಲಿ ಹೊಡೀಲಿಲ್ಲ."

ದೊಡ್ಡ ಮೈಯ ಇಬ್ಬರು ಶಾಲೆಯ ಮಕ್ಕಳಂತೆ ಕೈ ಎತ್ತಿಕೊಂಡು ಕೂತಿರುವುದನ್ನು ನೋಡುತ್ತ ಮೇಡಂ ಪೆನ್ನು ಮೇಜಿನ ಮೇಲಿಟ್ಟರು. ಬಾಗಿಲಲ್ಲಿ ಹಲ್ಲಿನ ಡಾಕ್ಟರು ಇಣುಕಿದರು. ಮೇಡಂ ಏನೂ ಇಲ್ಲ ಎಂದು ತಲೆಯಾಡಿಸಿ ಅವರನ್ನು ಕಳಿಸಿದರು. ಆಮೇಲೆ ಅಣ್ಣನನ್ನೂ ಹೊರಗೆ ಕೂರಲು ಹೇಳಿದರು.

ಅವನು ಹೋದ ಮೇಲೆ ಪುಟ್ಟಿ ಒಳಗಿಂದ ಹೊಡೆಯುವುದು ಎಂದರೆ ಏನೆಂದು ವಿವರಿಸಿದಳು. ಎರಡು ಅಂಗೈಗಳನ್ನೇ ಬಾಗಿಲು, ಸುತ್ತಿಗೆ ಮಾಡಿ ತೋರಿಸಿದಳು. ಮೇಡಂ ನಗಲಿಲ್ಲ. ಆವತ್ತೇ ಕೇಳಬೇಕಿತ್ತು ನಾನು, ಒಳಗಿಂದ ಅಂದರೆ ಏನು ಅಂತ, ಎಂದು ತಮ್ಮಷ್ಟಕ್ಕೆ ಹೇಳಿಕೊಂಡಂತೆ ಹೇಳಿದರು. ಪೊಲೀಸರಿಗೆ ದೂರು ಕೊಡುವ ಹಕ್ಕು ನಿಮಗಿದೆ ಎಂದರು. ಪುಟ್ಟಿ ಅದಕ್ಕೆ ತಲೆಯಾಡಿಸಲಿಲ್ಲ, ಬೇಡ ಎನ್ನಲೂ ಇಲ್ಲ. ಇವತ್ತು ಎಲ್ಲಿ ಮಲಗುತ್ತೀರಿ ಎಂದು ಕೇಳಿದರು. ಪೇಂಟರ್ ಮಾವನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಥಿನ್ನರ್ ವಾಸನೆ, ಆದರೆ ಒಳಗಿನಿಂದ ಚಿಲಕ ಇದೆ ಎಂದಳು. ಆ ಚಿಲಕದ ಮಾತೇ ಮೇಡಂಗೆ ಸಾಕಿತ್ತು. ಮುಂಚೆ ಬರೆದದ್ದರ ಮೇಲೆ ಅಡ್ಡಗೆರೆ ಎಳೆದರು. ಮೊದಲಿಂದ ಶುರು ಮಾಡುವುದು ಬೇಡ, ನೀವು ಆ ಮನೆಗೆ ಹೋಗಿದ್ದನ್ನು ನಾನು ಬಂದು ನೋಡುತ್ತೇನೆ, ನೋಡಿದ ದಿನವೇ ಹಾರ್ಮೋನ್ ಡಾಕ್ಟರಿಗೆ ಪತ್ರ ಹೋಗುತ್ತದೆ ಎಂದರು. ಪುಟ್ಟಿ ಕೆಳಗೆ ಬಿದ್ದಿದ್ದ ಡಬ್ಬ ಎತ್ತಿ, ಒಂದು ಹಾಳೆ ಎಳೆದು, ಹುಬ್ಬಿನ ಹೊಲಿಗೆಯಿಂದ ಜಿನುಗುತ್ತಿದ್ದ ರಕ್ತ ಒರೆಸಿಕೊಂಡಳು.

ಬೀದಿಯಲ್ಲಿ ಅಣ್ಣ ಮುಂದೆ ಮುಂದೆ ನಡೆದ. ಸಿಗ್ನಲ್ಲಿನ ಹತ್ತಿರ ನಿಂತಾಗ, ತಿರುಗದೆಯೇ, ನಾನು ಒಪ್ಪಿದ್ದೇನೆ ಎಂದು ತಿಳಿಯಬೇಡ ಎಂದ. ಅವಳು ತಿಳಿದಿಲ್ಲ ಎಂದಳು.

"ಎತ್ತಿದ್ದು ಕೈ," ಎಂದ. "ನಾನಲ್ಲ."

"ಇನ್ನೊಂದ್ಸಲ ನನ್ನ ಮೈ ಮುಟ್ಟಿದ್ರೆ ಸುತ್ತಿಗೇಲೇ ಹೊಡೀತೀನಿ. ಅದೂ ನಾನಲ್ಲ, ಕೈ."

ಅವನು ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ದೀಪ ಹಸಿರಾಯಿತು, ರಸ್ತೆ ದಾಟಿದರು.

ಶೆಡ್ಡಿನಲ್ಲಿ ನೀಲಿ ಕಾರು ಹಾಗೇ ನಿಂತಿತ್ತು. ಬಾಗಿಲಿನ ನಡುವೆ ಅವಳ ತಲೆಯ, ಭುಜದ ಅಳತೆಗೆ ಸರಿಯಾದ ತಗ್ಗು, ಅಂಚಿನಲ್ಲಿ ಒಣಗಿ ಕಪ್ಪಾದ ರಕ್ತ. ಗಿರಾಕಿ ಸಂಜೆ ಬರುತ್ತಾನೆ ಎಂದು ಪೇಂಟರ್ ಮಾವ ಇಬ್ಬರನ್ನೂ ಒಂದೇ ಬೈಗುಳದಲ್ಲಿ ಸ್ವಾಗತಿಸಿದ. ಪುಟ್ಟಿ ಮೇಲೆ ಹೋಗಿ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡಳು. ಅತ್ತಿಗೆ ಬಟ್ಟೆ ಪಟ್ಟಿಗಳ ಗಂಟೊಂದನ್ನು ಚೀಲದ ಮೇಲಿಟ್ಟಳು. ಆಮೇಲೆ ಯೋಚಿಸಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ತನ್ನದೊಂದು ಬಾಚಣಿಗೆ ಇಟ್ಟಳು.

ಚೀಲ ಹೆಗಲಿಗೇರಿಸಿ ಕೆಳಗೆ ಬಂದರೆ, ಅಣ್ಣ ಎಡಗೈಯಲ್ಲಿ ಸುತ್ತಿಗೆ ಹಿಡಿದು ಬಾಗಿಲಿನ ಒಳಗೆ ಹೊಡೆಯುತ್ತಿದ್ದ. ಮೂರು ಏಟಿಗೆ ಎರಡು ತಪ್ಪುತ್ತಿದ್ದವು. ಹೊರಬದಿಗೆ ಡಾಲಿ ಒತ್ತಿ ಹಿಡಿಯಲು ಅವನಿಗೆ ಇನ್ನೊಂದು ಕೈ ಇರಲಿಲ್ಲ. ಪುಟ್ಟಿ ಸ್ವಲ್ಪ ಹೊತ್ತು ನೋಡಿದಳು. ಕೆಟ್ಟ ಕೆಲಸ ನೋಡಿಕೊಂಡು ಹೋಗಲು ಅವಳಿಂದ ಯಾವತ್ತೂ ಆಗಿರಲಿಲ್ಲ. ಚೀಲ ಕೆಳಗಿಟ್ಟು, ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಬಾಗಿಲಿನ ಒಳಬದಿಗೆ ಕೂತಳು. ಅವನು ಹೊರಬದಿಗೆ ಹೋಗಿ ತಗ್ಗಿನ ಮೇಲೆ ಡಾಲಿ ಒತ್ತಿ ಹಿಡಿದ. ಇಬ್ಬರ ನಡುವೆ ತಗಡು. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ.

"ಹೊಡೆದ್ರೆ ನಿನ್ನ ಕೈಗೇ ಬರತ್ತೆ," ಎಂದಳು.

"ಬರ್ಲಿ. ಹೊಡಿ..."

ಆ ಮಾತಿನ ಬಾಲ 'ಓ' ಎಂದಿತೋ 'ಏ' ಎಂದಿತೋ, ಅವಳಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಅವಳು ಹೊಡೆದಾಗಿತ್ತು. ತಗಡು ಡಬ್ಬೆಂದು ಹೊರಕ್ಕೆ ಎದ್ದಿತು. ಡಾಲಿ ಅಣ್ಣನ ಕೈಯಿಂದ ಜಾರಿ, ನೆಲದ ಮೇಲೆ ಉರುಳುತ್ತ ಕಾರಿನಡಿಗೆ ಹೋಯಿತು. ಪೇಂಟರ್ ಮಾವ ಬಗ್ಗಿ ನೋಡಿ, ಕಾಲಿನಿಂದ ಅದನ್ನು ಅವನ ಕಡೆಗೆ ತಳ್ಳಿದ.